ಅರ್ಧಕ್ಕೆ ನಿಂತ ಸೀರಿಯಲ್ಲು, ನಮ್ಮ ಮಾವ

ನಮ್ಮ ಮಾವನ ಮುಂಗೈ ತುಂಬ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆಗಳಿದ್ದವು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತಷ್ಟು ವರ್ಷವೂ ಕಾದ ಕಬ್ಬಿಣದ ಚೂರು ಹಾರಿ ಸುಟ್ಟ ಗುರುತುಗಳು ಅವು. ಆ ಕೈಯಿಂದಲೇ ಅವರು ನಾನು ಬಡಿಸಿದ್ದನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು.

"ಇದು ಸಾರಾ, ಮೆಷಿನ್‌ಗೆ ಉಯ್ಯೋ ಎಣ್ಣೆನೀರಾ?"

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಪ್ರಯತ್ನಪಟ್ಟೆ, ಆಗಲಿಲ್ಲ. ಅವರು ಒಳ್ಳೆಯ ಮಾತಿನ ಮನುಷ್ಯರಲ್ಲ. ನಾನು ಯಾದಗಿರಿ ಕಡೆಯವಳು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಬಂದಾಗ ಅವರ ಜೊತೆ ಬಂದು, ಎಸೆಸೆಲ್ಸಿ ಮುಗಿಸಿ, ಗಾರ್ಮೆಂಟ್ಸ್ ಸೇರಿದವಳು. ಮಾವನದು ಮಾದನಾಯಕನಹಳ್ಳಿಯ ಹಳೆಯ ಮನೆತನ. ಅವರ ಮಗ ನನ್ನನ್ನು ಯಾರನ್ನೂ ಕೇಳದೆ ಮದುವೆಯಾಗಿ ಮನೆಗೆ ಕರೆತಂದಾಗ ಮಾವ ಬಾಗಿಲಲ್ಲೇ ನಿಂತು, "ಬಾಡಿಗೆಗಾದ್ರೆ ಅಡ್ವಾನ್ಸ್ ಕೊಡ್ಬೇಕು" ಎಂದಿದ್ದರು. ತಮಾಷೆ ಎಂದು ನನ್ನ ಗಂಡ ನಕ್ಕ. ಅದು ತಮಾಷೆಯಾಗಿರಲಿಲ್ಲ.

ನನ್ನ ಗಂಡ ವೈಟ್‌ಫೀಲ್ಡ್ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದ. ಬ್ರೂಕ್‌ಫೀಲ್ಡ್‌ನಿಂದ ಹತ್ತುತ್ತಿದ್ದ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ಒಂದು ಇಂಗ್ಲಿಷ್ ಸೀರಿಯಲ್ ಹಾಕಿಕೊಟ್ಟ. ನಮ್ಮ ಮನೆಗೆ ಆ ಪೀಡೆ ಬಂದದ್ದು ಹಾಗೆ. ಒಂದು ಹಳೆಯ ಸಾಮಾನಿನ ಹಡಗು ನಕ್ಷತ್ರಗಳ ನಡುವೆ ಹಾರುತ್ತದೆ. ಅದರಲ್ಲಿ ಒಬ್ಬರಿಗೊಬ್ಬರು ಸೇರದ ಒಂದಷ್ಟು ಜನ, ಅವರಿಗೊಬ್ಬ ಸಿಡುಕು ಕ್ಯಾಪ್ಟನ್. ಕೆಳಗಿಳಿದರೆ ಧೂಳಿನ ಊರು, ಕುದುರೆ, ಸೊಂಟಕ್ಕೆ ಪಿಸ್ತೂಲು. ಒಂದು ವರ್ಷವೂ ಓಡಲಿಲ್ಲವಂತೆ. ನೋಡುವವರಿಲ್ಲ ಎಂದು ಟಿವಿಯವರು ಕಥೆಯನ್ನು ನಡುವೆಯೇ ನಿಲ್ಲಿಸಿಬಿಟ್ಟರಂತೆ. ಸರಿಯಾಗಿಯೇ ಮಾಡಿದರು ಎಂದು ನನಗೆ ಅನ್ನಿಸಿತು.

"ಆಕಾಶಕ್ಕ ಹಾರೋ ಮಂದಿಗೆ ಕುದುರಿ ಯಾಕ ಬೇಕ್ರಿ, ಮಾವಾರ?" ಎಂದು ಒಮ್ಮೆ ಕೇಳಿದೆ.

"ಯಾಕೆ, ನಮ್ಮೂರಲ್ಲಿ ಮೆಟ್ರೋ ಕೆಳ್ಗೆ ಅಸು ಎಮ್ಮೆ ಮಲ್ಗಲ್ವಾ?" ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾರ್ಖಾನೆಯ ಸದ್ದಿಗೆ ಕಿವಿಯೂ ಮಂದವಾಗಿತ್ತು. ಮಗ ಪಕ್ಕದಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕಿತ್ತು. ಅವನೂ ಅದರಲ್ಲಿದ್ದದ್ದನ್ನು ಇದ್ದಂತೆ ಹೇಳುತ್ತಿರಲಿಲ್ಲ. ಹಡಗು ಕೆಟ್ಟರೆ, "ಈ ಗೇರ್‌ಬಾಕ್ಸ್ ನಂಬ್ಕೊಂಡು ನೆಲಮಂಗಲ ಟೋಲೂ ದಾಟಕ್ಕಾಗಲ್ಲ ಗುರೂ!" ಎಂದು ಕ್ಯಾಪ್ಟನ್ ಬಾಯಲ್ಲಿ ಆಡಿಸುತ್ತಿದ್ದ. ಮಾವ ತೊಡೆ ತಟ್ಟಿ ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಮೇಲೆ ತುಮಕೂರು ರಸ್ತೆಯಲ್ಲಿ ಲಾರಿಯೊಂದು ನನ್ನ ಗಂಡನ ಕಾರಿಗೆ ಗುದ್ದಿತು. ಅದರ ಬಗ್ಗೆ ಬರೆಯಲಾರೆ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮಾರನೆಯ ಸಂಜೆ ಮಾವ ಟಿವಿ ಹಾಕಿದರು. ಅದೇ ಸೀರಿಯಲ್. ಕ್ಯಾಪ್ಟನ್ ಬಾಯಿ ತೆರೆಯುತ್ತಲೇ ಮಾವ ತಾವೇ ಕನ್ನಡ ಹೇಳತೊಡಗಿದರು. ಮಗ ಹೇಳುತ್ತಿದ್ದ ಅದೇ ಮಾತು, ಅದೇ ರಾಗ. "ಟೋಲೂ ದಾಟಕ್ಕಾಗಲ್ಲ ಗುರೂ!" ಅಡುಗೆಮನೆಯಲ್ಲಿ ನನ್ನ ಕೈಯ ಲಟ್ಟಣಿಗೆ ನಿಂತುಹೋಯಿತು. ಮರುದಿನವೂ ಹಾಕಿದರು. ದಿನವೂ ಹಾಕಿದರು. ಫ್ಯಾಕ್ಟರಿಯಿಂದ ಬಂದು ಗೇಟು ತೆರೆದರೆ, ಸತ್ತ ಗಂಡನ ಮಾತು ಮಾವನ ಒಡಕು ಗಂಟಲಿನಲ್ಲಿ ಬೀದಿಗೆಲ್ಲ ಕೇಳುತ್ತಿತ್ತು. ನಾನು ಆ ಸೀರಿಯಲ್ಲನ್ನು ದ್ವೇಷಿಸಿದೆ. ಮಾವನನ್ನು ಅದಕ್ಕಿಂತ ಹೆಚ್ಚು.

ಒಂದು ದಿನ ಹೋಗಿ ಪ್ಲಗ್ಗನ್ನೇ ಕಿತ್ತೆ.

"ಅದರ ಕಥಿ ಮುಗಿಯೂದೇ ಇಲ್ಲ. ಎಷ್ಟು ಸಲ ನೋಡ್ತೀರಿ?"

"ಮುಗ್ದಿರೋದನ್ನ ಯಾವನಮ್ಮ ಇನ್ನೊಂದ್ಸಲ ನೋಡ್ತಾನೆ? ಮುಗ್ದೋಯ್ತಲ್ಲ. ಇದನ್ನ ಅವ್ರು ನಿಲ್ಸವ್ರೆ, ಮುಗ್ಸಿಲ್ಲ. ಆಕು ಪ್ಲಗ್ಗು."

ಹಾಕಿದೆ. ಬೇರೆ ದಾರಿ ಇರಲಿಲ್ಲ. ಮನೆ ಅವರದು.

ಗಂಡನ ವರ್ಷದ ತಿಥಿಯ ದಿನ ನಾದಿನಿ ಬಂದಿದ್ದಳು. ಊಟವಾದ ಮೇಲೆ ಎಲೆ ಎತ್ತುತ್ತಿದ್ದ ನನಗೂ ಕೇಳಿಸಲಿ ಎಂದೇ ಮಾತು ತೆಗೆದಳು.

"ಮಕ್ಕಳೂ ಇಲ್ಲ. ಇವ್ಳಿಗಿಲ್ಲಿ ಇನ್ನೇನೈತೆ, ಅಪ್ಪಾ? ಅವರೂರಿಗೆ ಕಳ್ಸು. ಆ ರೂಮನ್ನ ಗೋಡೌನ್ ಉಡುಗ್ರಿಗೆ ಬಾಡಿಗೆಗೆ ಕೊಡ್ಬೋದು."

ನಾನು ಎಲೆ ಹಿಡಿದು ನಿಂತೆ. ಅಪ್ಪ ಅಮ್ಮ ತೀರಿಹೋದ ಮೇಲೆ ಯಾದಗಿರಿಯಲ್ಲಿ ನನ್ನವರೆಂದು ಯಾರೂ ಉಳಿದಿರಲಿಲ್ಲ. ಮಾವ ಟಿವಿ ನೋಡುತ್ತಲೇ ಇದ್ದರು.

"ಕ್ಯಾಪ್ಟನ್ ಏನೇಳ್ತಾನೆ ಗೊತ್ತಾ?" ಎಂದರು. "ಶಿಪ್ಪಿಂದ ಯಾರ್ನೂ ಅರ್ಧ ದಾರೀಲಿ ಇಳ್ಸಂಗಿಲ್ಲ. ಟಿಕೇಟ್ ತಗೊಂಡೋನಾದ್ರೂ ಸರಿ, ಕದ್ದು ಅತ್ತಿದೋನಾದ್ರೂ ಸರಿ. ಒರಗಡೆ ಗಾಳಿ ಇರಲ್ಲ."

"ಟಿವಿ ನೋಡೀ ನೋಡೀ ನಿನ್ ತಲೆ ಕೆಟ್ಟೈತೆ."

"ಇವ್ಳು ಕದ್ದು ಅತ್ತಿದೋಳೇ, ಇಲ್ಲಾಂತ ನಾನೇನ್ ಏಳಿದ್ನಾ?" ಎಂದು ನನ್ನ ಕಡೆ ಕೈ ತೋರಿಸಿ, ಸೌಂಡು ಏರಿಸಿದರು.

ಗಂಡ ಹೇಳುತ್ತಿದ್ದುದೆಲ್ಲ ನನಗೂ ಬಾಯಿಪಾಠವಾಗಿತ್ತು. ಈ ಮಾತನ್ನು ಮಾತ್ರ ನಾನು ಕೇಳಿರಲಿಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಹೇಳಿರಬೇಕು ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಮಾವ ನನ್ನ ರೊಟ್ಟಿಯನ್ನು ಗೋಡೆಗೆ ಬಡಿದು, "ಮೊಳೆ ಒಡ್ಯಕ್ಕೆ ಸುತ್ತಿಗೆ ಬ್ಯಾಡ ಬಿಡು" ಎಂದರು. ಮನೆಯಲ್ಲಿ ಉಳಿಸಿಕೊಂಡರೆಂದು ಋಣ ತೀರಿಸುವ ಮನಸ್ಸೇನೂ ನನಗೆ ಬರಲಿಲ್ಲ.

ಈ ವರ್ಷ ಅವರೂ ಹೋದರು. ಉಸಿರಾಟದ ತೊಂದರೆ ಇತ್ತು. ಆಸ್ಪತ್ರೆಯಲ್ಲಿ ನರ್ಸಮ್ಮನ ಜೊತೆ ಜಗಳವಾಡಿ, ಮೂಗಿನ ನಳಿಕೆ ಕಿತ್ತುಕೊಂಡು, ನನ್ನನ್ನೂ ಬೈದು ಮಲಗಿದವರು ಏಳಲಿಲ್ಲ.

ಹನ್ನೊಂದನೆಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಮುದ್ದೆ, ಬೀಡಿ, ಕ್ವಾರ್ಟರ್ ಬಾಟಲಿ. ಪೆನ್‌ಡ್ರೈವ್ ಕೊಟ್ಟಿದ್ದ ಬ್ರೂಕ್‌ಫೀಲ್ಡ್‌ನವನೂ ಹೇಗೋ ಸುದ್ದಿ ತಿಳಿದು ಬಂದಿದ್ದ. ಎಡೆಯ ಮುಂದೆ ನಿಂತು ಫೋಟೋ ತೆಗೆದ. ಇವತ್ತಿಗೂ ಎಷ್ಟೋ ದೇಶಗಳ ಜನ ಆ ಸೀರಿಯಲ್ ನೋಡುತ್ತಾರೆ, ಅಂಕಲ್‌ನಂಥವರಿಂದಲೇ ಅದು ಬದುಕಿದೆ ಎಂದ. ನನಗೆ ಮೈ ಉರಿಯಿತು. ಬದುಕಬೇಕಾದವರು ಬದುಕಲಿಲ್ಲ, ಸೀರಿಯಲ್ ಬದುಕಿ ಯಾರಿಗೇನಾಗಬೇಕು?

ನಾದಿನಿ ಅವತ್ತೇ ಮತ್ತೆ ಶುರು ಮಾಡಿದಳು.

"ಈಗ್ಲಾದ್ರೂ ಒರಡು. ನಿನ್ನ ಇರು ಅಂತ ಅಪ್ಪ ಯಾವತ್ತಾದ್ರೂ ಏಳಿದ್ನಾ? ಯಾವ್ದೋ ಟಿವಿ ಡೈಲಾಗು ಒದರ್ದ. ಅದೇನ್ ನಮ್ಮಪ್ಪನ್ ಮಾತಾ?"

"ಯಾವ ಡೈಲಾಗು ಅಕ್ಕಾ?" ಎಂದ ಆ ಹುಡುಗ.

ಅವಳು ಅಣಕಿಸುತ್ತ ಹೇಳಿದಳು. ಇಳಿಸುವ ಹಾಗಿಲ್ಲ, ಹೊರಗಡೆ ಗಾಳಿ ಇರಲ್ಲ.

ಅವನು ಕೈಯಲ್ಲಿದ್ದ ವಡೆಯನ್ನು ಎಲೆಗೆ ಇಟ್ಟು ಯೋಚಿಸಿದ.

"ಅಂಥ ಡೈಲಾಗೇ ಇಲ್ವಲ್ಲ ಅಕ್ಕಾ. ನಂಗೆ ಅಷ್ಟೂ ಎಪಿಸೋಡು ಬಾಯಲ್ಲೇ ಇದೆ. ಅದ್ರಲ್ಲಿ ಒಬ್ಬನ್ನ ಕ್ಯಾಪ್ಟನ್ನೇ ನಡುದಾರೀಲಿ ಇಳಿಸಿ ಹೋಗ್ತಾನೆ."

ನಾದಿನಿ ಅವನನ್ನು ನೋಡಿದಳು. ಆಮೇಲೆ ಎಡೆಯ ಹಿಂದಿದ್ದ ಅಪ್ಪನ ಫೋಟೋ ನೋಡಿದಳು. ಸೆರಗು ಸಿಕ್ಕಿಸಿ, ಪಾತ್ರೆ ತೊಳೆಯಲು ಎದ್ದಳು. ಮನೆ ಬಿಡುವ ಮಾತನ್ನು ಅವಳು ಇದುವರೆಗೆ ಮತ್ತೆ ಎತ್ತಿಲ್ಲ. ಅದು ನನ್ನ ಗಂಡ ಕಟ್ಟಿದ ಮಾತೂ ಅಲ್ಲ; ಆಗಿದ್ದರೆ, ದಿನವೂ ಸೀರಿಯಲ್ ಹಾಕಿ ಅವನ ಮಾತನ್ನೇ ಹೇಳುತ್ತಿದ್ದ ಮಾವನ ಬಾಯಲ್ಲಿ ಇನ್ನೊಮ್ಮೆಯಾದರೂ ಕೇಳಿರುತ್ತಿದ್ದೆ.

ಇದ್ದಷ್ಟು ದಿನ ಮಾವ ನನಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಆಡಿದ ಒಂದೇ ಒಂದನ್ನು ಯಾವನೋ ಕ್ಯಾಪ್ಟನ್ ತಲೆಗೆ ಕಟ್ಟಿ ಹೋದರು. ತಮ್ಮದೆಂದು ಹೇಳಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆನಲ್ಲ. ಅದಕ್ಕೂ ಅವಕಾಶ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರ ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.