ಹನ್ನೆರಡನೆಯ ಕುರ್ಚಿ

ರೆಜಿನಮ್ಮನ ಹಿಮ್ಮಡಿ ನೋಡಿದವರು ಮುಖ ನೋಡುವುದನ್ನೇ ಮರೆಯುತ್ತಿದ್ದರು. ಬತ್ತಿದ ಕೆರೆಯಂಗಳದ ಹಾಗೆ ಬಿರುಕು, ಬಿರುಕಿನ ತುಂಬ ಊರೂರಿನ ಮಣ್ಣು. ಚನ್ನಗಿರಿಯ ನಮ್ಮ ಪುಟ್ಟ ಚರ್ಚಿಗೆ ಅವರು ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಕತ್ತಲಗೆರೆ ಕಡೆ ಬಸ್ಸಿಳಿದು ನಡೆದುಹೋಗಿ ಕಾಯಿಲೆಯವರ ಪಕ್ಕ ಕೂತು ಪ್ರಾರ್ಥಿಸುವುದು, ಫಾದರ್ ಬರಲಾಗದ ಕಡೆ ಶುಭಸಂದೇಶ ಓದುವುದು, ಎಲ್ಲ ಅವರದೇ. "ಹಬ್ಬಕ್ಕೆ ಫಾದರ್ ಬರ್ತಾರೆ, ಜ್ವರಕ್ಕೆ ನಾನು ಹೋಗ್ತೀನಿ" ಎಂದು ನಗುತ್ತಿದ್ದರು. ನನಗೆ ಶಿಲುಬೆ ಗುರುತು ಹಾಕಲು ಕಲಿಸಿದ್ದೂ ಅವರೇ. ಎಡಗೈ ಎತ್ತಿದರೆ ಪಟ್ಟನೆ ಬಾರಿಸುತ್ತಿದ್ದರು.

ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಹನ್ನೆರಡು ಜನರನ್ನು ಕೂರಿಸಿ ಕಾಲು ತೊಳೆಯುತ್ತಾರೆ. ನಮ್ಮಲ್ಲಿ ಹನ್ನೆರಡು ಕುರ್ಚಿಯೂ ಗಂಡಸರದ್ದು. ನೀರು ಕಾಯಿಸುವುದು, ಟವೆಲ್ ಒಗೆದಿಡುವುದು ಮಾತ್ರ ರೆಜಿನಮ್ಮನ ಪಾಲು. ಒಮ್ಮೆ ಟವೆಲ್ ಮಡಚುತ್ತಾ ನನಗೆ ಹೇಳಿದರು: "ಒಂದ್ಸಲ ಅಲ್ಲಿ ಕುಂದ್ರಾಕೆ ಆಸೆ ಐತೆ ಕಣೆ. ಕಾಲು ನೋಯ್ತಾವೆ ಅಂತಲ್ಲ. ನಾನೂ ಶಿಷ್ಯಳೇ ಅಲ್ವೇನೆ?"

ಚರ್ಚಿನ ಸಮಿತಿಯ ಸಭೆಯಲ್ಲಿ, ಹೊಸದಾಗಿ ಬಂದ ಫಾದರ್ ಎದುರು, ರೆಜಿನಮ್ಮ ಅದನ್ನೇ ಕೇಳಿದರು. "ಕೂರಬಹುದು, ಪೋಪರೇ ಒಪ್ಪಿದ್ದಾರೆ" ಎಂದು ಫಾದರ್ ಹೇಳಿದ್ದೇ ತಡ, ಅಧ್ಯಕ್ಷ ಜೋಸೆಫಣ್ಣ ಎದ್ದು ನಿಂತ.

"ಯೇಸು ತೊಳೆದದ್ದು ಗಂಡಸ್ರ ಕಾಲು ಫಾದರ್. ಹೆಂಗಸ್ರು ಕುಂತ್ರೆ ಚಂದ ಕಾಣಲ್ಲ."

"ಶಿಲುಬೆ ಹತ್ರ ಆ ಗಂಡಸ್ರು ಎಷ್ಟು ಜನ ನಿಂತಿದ್ರು ಜೋಸೆಫಣ್ಣ?" ಎಂದರು ರೆಜಿನಮ್ಮ. "ಸಮಾಧಿಯಿಂದ ಎದ್ದು ಬಂದ ಯೇಸು ಮೊದ್ಲು ಸುದ್ದಿ ಹೇಳಿ ಕಳ್ಸಿದ್ದು ಯಾರನ್ನ? ಮಗ್ದಲದ ಮರಿಯಳನ್ನ ಅಲ್ವಾ?"

"ಅಮ್ಮಾರು ಪ್ರಸಂಗ ಮಾಡಾಕೆ ಶುರು ಮಾಡಿದ್ರು ನೋಡ್ರಿ" ಎಂದು ಅವನು ನಕ್ಕ. ಉಳಿದವರೂ ನಕ್ಕರು. ಫಾದರ್ ಹಣೆ ಒರೆಸಿಕೊಂಡು "ಮುಂದಿನ ವರ್ಷ ನೋಡೋಣ" ಅಂದರು.

ಆ ವರ್ಷದ ಗುರುವಾರ ಇವತ್ತಿಗೂ ಕಣ್ಣ ಮುಂದಿದೆ. ಕುರ್ಚಿಯ ಮಹನೀಯರು ಮನೆಯಲ್ಲೇ ಸೋಪು ಹಾಕಿ ಕಾಲುಜ್ಜಿಕೊಂಡು, ಪೌಡರ್ ಬಳಿದುಕೊಂಡು ಬಂದಿದ್ದರು. ತೊಳೆಸಿಕೊಳ್ಳಲು ತೊಳೆದ ಕಾಲು! ಥೂ. ಹನ್ನೆರಡನೆಯವನು ದಾವಣಗೆರೆಗೆ ಹೋದವನು ಬರಲೇ ಇಲ್ಲ. ಬೇಸಿನ್ ಹಿಡಿದು ರೆಜಿನಮ್ಮ ಆ ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಫಾದರ್ ರೆಜಿನಮ್ಮನ ಮುಖ ನೋಡಿದರು, ಜೋಸೆಫಣ್ಣನ ಮುಖ ನೋಡಿದರು, ಹನ್ನೊಂದು ಜನಕ್ಕೇ ಮುಗಿಸಿದರು. ಪೌಡರ್ ವಾಸನೆಯ ಟವೆಲ್‌ಗಳನ್ನು ರೆಜಿನಮ್ಮ ಹಿತ್ತಲಲ್ಲಿ ಹಿಂಡಿ ಒಣಹಾಕಿದರು.

ಮುಂದಿನ ವರ್ಷದ ಗುರುವಾರಕ್ಕೆ ಅವರು ಉಳಿಯಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರೆಲ್ಲ ಸೇರಿ ಮೈ ತೊಳೆದೆವು. ಕಾಲು ನನಗಿರಲಿ ಎಂದೆ. ಬಿಸಿನೀರು ಹಾಕಿ ಎಷ್ಟು ಉಜ್ಜಿದರೂ ಬಿರುಕಿನೊಳಗಿನ ಮಣ್ಣು ಬಿಡಲಿಲ್ಲ. ಕೊನೆಗೆ ಅದೇ ಚರ್ಚಿನ ಟವೆಲ್ ತಂದು ಒರೆಸಿದೆ.

ಸಮಾಧಿಯ ಹತ್ತಿರ ಜೋಸೆಫಣ್ಣ ಗಂಟಲು ಸರಿಮಾಡಿಕೊಂಡ. "ಇಂಥ ಸೇವಕಿ ಇನ್ನು ಸಿಗಲ್ಲ. ಜೀವಮಾನದಾಗೆ ತಮಗಂತ ಏನೂ ಕೇಳ್ಲಿಲ್ಲ."

ನನ್ನ ಸೀರೆಯ ಸೆರಗು ಇನ್ನೂ ಒದ್ದೆಯಾಗಿತ್ತು.

"ಕೇಳಿದ್ರು ಜೋಸೆಫಣ್ಣ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಒಂದು ಕುರ್ಚಿ ಕೇಳಿದ್ರು. ಖಾಲಿ ಇದ್ರೂ ನೀವು ಕೊಡ್ಲಿಲ್ಲ."