ಗಂಗವ್ವನ ಹೆಸರಿನ ಮಷಿನ್

ನಮ್ಮ ಸವಿತಾ ಆಫ್ರಿಕಾಕ್ಕ ಹೊಂಟಾಳ್ರಿ! ನನ್ನ ಮೊಮ್ಮಗಳು, ಬೆಂಗೇರಿಯ ಈ ಓಣಿಯ ಹುಡುಗಿ, ಅಲ್ಲಿನ ಬಡ ಹೆಣ್ಣುಮಕ್ಕಳಿಗೆ ಆರು ತಿಂಗಳು ಹೊಲಿಗೆ ಕಲಿಸಲು ಹೋಗುತ್ತಾಳೆ. ಸಂಬಳವಿಲ್ಲ, ಸೇವೆ. ಮುಂಜಾನೆ ಅವಳಿಗೆ ಫೋನ್ ಬಂದದ್ದೇ ತಡ, ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಆದರೆ ಅವಳು ಹೊಲಿಗೆ ಕಲಿತ ಮಷಿನ್ ನಮ್ಮದಲ್ಲ. ಬಾಜೂ ಮನೆಯ ಗಂಗವ್ವನದು. ಅವಳ ಹೆಸರು ಹೇಳಿ ನಾನು ಇಸಿದುಕೊಂಡೆ.

ಸವಿತಾಗೆ ಆಗ ಎಂಟು ವರ್ಷ. ಹೊರದೇಶದ ಹುಡುಗ-ಹುಡುಗಿಯರು ಸೇವೆಗೆಂದು ಬಂದು, ಗಂಡ ಸತ್ತವರಿಗೆ ಹೊಲಿಗೆ ಮಷಿನ್ ಕೊಡುತ್ತೇವೆಂದು ಹೆಸರು ಬರೆದುಕೊಂಡು ಹೋಗಿದ್ದರು; ಅದರಲ್ಲಿ ಗಂಗವ್ವನದೂ ಇತ್ತು. ಮಷಿನ್ ತಂದ ದಿನ ಗಂಗವ್ವ ಹತ್ತಿ ಗಿರಣಿಯ ಕೆಲಸಕ್ಕೆ ಹೋಗಿದ್ದಳು. ಬಿಳಿ ಹುಡುಗಿಯೊಬ್ಬಳು ಅವಳ ಕದ ಬಡಿಯುವುದು ಕಂಡಿತು. ನಾನು ಒಳಗೆ ಹೋದೆ. ಕುಂಕುಮ ಒರೆಸಿದೆ. ತಾಳಿ ಕುಪ್ಪಸದೊಳಗೆ ತಳ್ಳಿದೆ. ಬಳೆ ಬಿಚ್ಚಲು ಮಾತ್ರ ಆಗಲಿಲ್ಲ—ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ.

“ನಾನ ಗಂಗವ್ವ ರೀ.”

ಅದೇ ಹೊತ್ತಿಗೆ ನಮ್ಮ ಯಜಮಾನರು ಸೈಕಲ್ ತಳ್ಳಿಕೊಂಡು ಬರಬೇಕೆ! ಅವಳ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳಲು ಬಂದಿದ್ದ ಕಾಲೇಜು ಹುಡುಗಿ, “ಇವರ್ಯಾರ್ರೀ?” ಅಂದಳು.

“ಬಾಜೂ ಮನಿಯವ್ರು,” ಅಂದೆ.

ಯಜಮಾನರು ನನ್ನ ಬೋಳು ಹಣೆ ನೋಡಿದರು. ಸೈಕಲ್ ತಿರುಗಿಸಿಕೊಂಡು ಹೋದರು. ಆ ಬಿಳಿ ಹುಡುಗಿ ನನ್ನನ್ನು ತಬ್ಬಿಕೊಂಡು ಅತ್ತಳು—ಸತ್ತೇ ಇರದ ನನ್ನ ಗಂಡನಿಗಾಗಿ.

ಸಂಜೆ ಗಂಗವ್ವನಿಗೆ ಮತ್ತೊಂದು ಸುಳ್ಳು: “ನಿನ್ನತನಕಾ ಬರೂದ್ರಾಗ ಮಷಿನ್ ಮುಗದುವಂತ. ಇದು ನಮ್ಮಣ್ಣ ಕಳಿಸಿದ್ದು.”

“ಹೋಗ್ಲಿ ಬಿಡಕ್ಕಾ, ನಿನಗರೆ ಬಂತಲ್ಲ!” ಅಂದು ನನ್ನ ಬಾಯಿಗೆ ಬೆಲ್ಲ ಇಟ್ಟಳು.

ಆ ಬೆಲ್ಲ... ನಾನು ಮೊದಲು ಹೊಲಿದದ್ದು ಅವಳದೇ ಹರಿದ ಕುಪ್ಪಸ. ಆಮೇಲೆ ವರ್ಷಗಟ್ಟಲೆ ಈಚೆ ನನ್ನ ಮಷಿನಿನ ಸದ್ದು, ಗೋಡೆಯಾಚೆ ಹತ್ತಿ ಧೂಳಿನ ಅವಳ ಕೆಮ್ಮು. ನಮಗೆ ಬಡತನವಿತ್ತು ಅನ್ನಬಹುದು. ಅವಳಿಗೂ ಇತ್ತಲ್ಲ.

ಇವತ್ತು ಸವಿತಾ ಕುಣಿಯುತ್ತ ಬಂದು ಹೇಳಿದಳು, “ಆಯೀ, ಅಲ್ಲಿ ಮಷಿನೂ ಹಂಚತೇವಿ. ಪಟ್ಟಿ ಹಿಡದು ಹೆಸರು ಕೂಗೂದು ನಂದ ಕೆಲಸ!”

ಆಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮುಂದೆ ಹೋಗುವುದು, ಹೊಸ್ತಿಲಿಗೆ ಬರುವುದು. ಅಲ್ಲಿಯೂ ಯಾವಳೋ ಒಬ್ಬಳು ಹಣೆ ಒರೆಸಿಕೊಂಡು—ನನ್ನ ಮೊಮ್ಮಗಳು ಅವಳನ್ನು ತಬ್ಬಿಕೊಂಡು—

ಸಂಜೆ ಗಂಗವ್ವನನ್ನೂ ಊಟಕ್ಕೆ ಕರೆದೆ. ಮನೆಮಂದಿಯೆಲ್ಲ ಸಾಲಾಗಿ ಕೂತರು. ಯಜಮಾನರು ತಮ್ಮ ತಾಟು ಮುಂದೆ ಸರಿಸಿ, ಇಷ್ಟು ವರ್ಷ ನನ್ನನ್ನು ಚುಚ್ಚುತ್ತ ಬಂದ ಮಾತನ್ನೇ ಅಂದರು: “ಬಾಜೂ ಮನಿಯವ್ರಿಗೆ ಇನ್ನೊಂದು ಹೋಳಿಗಿ ನೀಡ!”

“ಬಾಜೂ ಮನಿಯಾಕಿ ನಾನಲ್ಲೇನ್ರಿ? ನನಗ ಸಾಕ್ರಿ ಯಪ್ಪಾ!” ಅಂದಳು ಗಂಗವ್ವ. ಎಲ್ಲರೂ ನಕ್ಕರು.

ನಾನು ತುಪ್ಪದ ಗಿಂಡಿ ಕೆಳಗಿಟ್ಟೆ. “ಗಂಗವ್ವಾ, ಆ ಮಷಿನ್ ನಿಂದು. ನಿನ್ನ ಹೆಸರು ಹೇಳಿ ನಾ ತಗೊಂಡೆ.”

ಸವಿತಾಳ ಕೈಯ ತುತ್ತು ಅಲ್ಲೇ ನಿಂತಿತು. ಗಂಗವ್ವ ಮೂಲೆಯ ಮಷಿನ್ ನೋಡಿದಳು. ನನ್ನ ಹಣೆಯ ಕುಂಕುಮ ನೋಡಿದಳು. ಕೆಮ್ಮು ಬಂತು, ಸವಿತಾ ನೀರು ಕೊಟ್ಟಳು.

“ಉಣ್ರಿ ಎಲ್ಲಾರೂ,” ಅಂದಳು, ನನ್ನ ಕಡೆ ನೋಡದೆ. “ದೂರ ಹೋಗೂ ಹುಡುಗಿ, ಹಸದ ಏಳಬಾರದು.”

ಎಲ್ಲರೂ ಉಂಡೆವು.