ಗುಜರಿ ಸಂತೆಯ ಮಂಚ

ಅಂಗಿಯ ಗುಂಡಿ ತೂರುವ ಸೀಳಿಗೆ ಸುತ್ತಲೂ ಕೈಹೊಲಿಗೆ ಹಾಕಿ ಗಟ್ಟಿ ಮಾಡುವುದಕ್ಕೆ ನಮ್ಮ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವುದು ಅನ್ನುತ್ತೇವೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಕ್ಕೆ ಅವಳಿಗೆ ಕಾಜಾ ಅಕ್ಕ ಎಂದೇ ಹೆಸರು ಬಿದ್ದಿತ್ತು. ನಾನು ಅದೇ ಅಂಗಡಿಯಲ್ಲಿ ಮಿಷನ್ ತುಳಿಯುವವಳು, ಸಾಲದ್ದಕ್ಕೆ ಅವಳ ಎದುರುಮನೆಯವಳು. ಹಾಗಾಗಿ ಅವಳ ಗುಣವೂ ದೋಷವೂ ನನಗೆ ಬಾಯಿಪಾಠ. ‘ಒಳಗಿನ ಹೊಲಿಗೆ ಹೊರಗೆ ಕಾಣಬಾರದು’ ಎನ್ನುವುದು ಅವಳ ಮಂತ್ರ. ಅಂಗಿಯ ಮಟ್ಟಿಗೆ ಸರಿಯೇ. ಆದರೆ ಈ ಮಹಾತಾಯಿ ಬದುಕಿಗೂ ಅದನ್ನೇ ಅನ್ವಯಿಸುತ್ತಿದ್ದಳು. ಒಡಹುಟ್ಟಿದ ತಂಗಿ ತೀರಿಕೊಂಡಾಗಲೂ ನಮ್ಮೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಿದ್ದಳಂತೆ.

ಆ ತಂಗಿಗೆ ಒಬ್ಬಳೇ ಮಗಳು, ಏಳು ವರ್ಷ. ತಂದೆ ಮೊದಲೇ ಇಲ್ಲ. ಆಗ ಅಕ್ಕ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಕೋಣೆಯಲ್ಲಿದ್ದಳು. ಅಲ್ಲಿ ಮಗುವಿಗೆ ಜಾಗವಿಲ್ಲ ಎಂದು ಮಕ್ಕಳ ಕಲ್ಯಾಣ ಇಲಾಖೆಯವರು ಹುಡುಗಿಯನ್ನು ಪಾಲನಾಗೃಹಕ್ಕೆ ಸೇರಿಸಿಬಿಟ್ಟರು. ಒಂದೂವರೆ ವರ್ಷ ಹಲ್ಲು ಕಚ್ಚಿ ದುಡಿದು ಅಕ್ಕ ನಮ್ಮೆದುರಿನ ಎರಡು ಕೋಣೆಯ ಮನೆ ಹಿಡಿದಳು, ಮಗುವನ್ನು ಕೊಡಿ ಎಂದು ಅರ್ಜಿ ಹಾಕಿದಳು. ಒಂದು ಶುಕ್ರವಾರ ಉತ್ತರ ಬಂತು. ಮುಂದಿನ ಬುಧವಾರ ಮಧ್ಯಾಹ್ನ ಅಧಿಕಾರಿ ಮಗುವನ್ನು ಕರೆದುಕೊಂಡು ಮನೆ ನೋಡಲು ಬರುತ್ತಾರೆ. ಮನೆ ಮಗುವಿಗೆ ತಕ್ಕದ್ದಾಗಿದ್ದರೆ ಸರಿ. ಇಲ್ಲದಿದ್ದರೆ ದೂರದ ಊರಿನ ದಂಪತಿ ಕೇಳಿದ್ದಾರೆ, ಹುಡುಗಿ ಅಲ್ಲಿಗೆ ಹೋಗುತ್ತಾಳೆ. ಇನ್ನೊಂದು ಅವಕಾಶ ಇಲ್ಲ.

ನಾನು ಕಾಗದ ಓದಿ ಮುಗಿಸಿ ಮನೆಯನ್ನೊಮ್ಮೆ ನೋಡಿದೆ. ಒಂದು ಚಾಪೆ, ಒಂದು ಒಲೆ, ಒಂದು ಟ್ರಂಕು. ಮಗುವಿಗೆಂದು ಬಿಟ್ಟಿದ್ದ ಕೋಣೆಯಲ್ಲಿ ಮಾತಾಡಿದರೆ ಗೋಡೆಯೇ ತಿರುಗಿ ಮಾತಾಡುತ್ತಿತ್ತು.

“ಐದು ದಿನದಲ್ಲಿ ಏನ್ ಮಾಡ್ತೀಯ ಅಕ್ಕ?”

“ಮಧ್ಯ ಒಂದು ಭಾನುವಾರ ಇದೆಯಲ್ಲ” ಅಂದಳು.

ಭಾನುವಾರ ಅಂದರೆ ಗುಜರಿ ಸಂತೆ. ರೈಲ್ವೆ ಗೋದಾಮಿನ ಹಿಂದಿನ ಬಯಲಲ್ಲಿ ಬೆಳಕು ಹರಿಯುವ ಮೊದಲೇ ಹಳೇ ಸಾಮಾನು ಹರವಿಕೊಂಡು ಕೂತಿರುತ್ತಾರೆ. ದಾರಿಯುದ್ದಕ್ಕೂ ಅಕ್ಕ ನನಗೆ ಪಾಠ ಮಾಡಿದಳು. ಮರವನ್ನು ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಹುಳ ಹಿಡಿದಿದೆ. ಡ್ರಾಯರ್ ಎಳೆದು ಮೂಸಬೇಕು. ಎಲ್ಲಕ್ಕಿಂತ ಮುಖ್ಯ, ಬೇಕಾದ ಸಾಮಾನಿನ ಕಡೆ ಅಪ್ಪಿತಪ್ಪಿಯೂ ನೋಡಬಾರದು.

ನನಗೆ ಅಷ್ಟು ನಾಜೂಕು ಎಲ್ಲಿಂದ ಬರಬೇಕು? ಮಕ್ಕಳ ಅಳತೆಯ ಕಬ್ಬಿಣದ ಮಂಚವೊಂದು ಕಂಡದ್ದೇ “ಅಕ್ಕಾ, ಅಲ್ನೋಡು” ಎಂದು ಬೆರಳು ತೋರಿಸಿಬಿಟ್ಟೆ. ಗುಜರಿಯವನು ಕಿವಿ ನೆಟ್ಟಗೆ ಮಾಡಿಕೊಂಡು ಹೇಳಿದ ಬೆಲೆಗೆ ನನ್ನ ಬಾಯಿ ಒಣಗಿತು. ಅಕ್ಕ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅಷ್ಟರಲ್ಲಿ ಬಸುರಿ ಹೆಂಗಸೊಬ್ಬಳು ಬಂದು ಅದೇ ಮಂಚದ ಕಂಬಿ ಹಿಡಿದು ಅಲುಗಾಡಿಸತೊಡಗಿದಳು. ಇಡೀ ಸಂತೆಗೆ ಅಂಥದ್ದು ಅದೊಂದೇ ಇತ್ತು. ಮಂಚ ಕೈತಪ್ಪಿತು, ನನ್ನ ಬಾಯಿಯಿಂದಲೇ ತಪ್ಪಿತು ಎಂದು ನಾಲಿಗೆ ಕಚ್ಚಿಕೊಂಡೆ.

ಅಕ್ಕ ಮಂಚದ ಮಾತೇ ಎತ್ತಲಿಲ್ಲ. ಗುಜರಿಯವನ ಕೋಟಿನ ಕತ್ತಿನ ಹತ್ತಿರದ ಕಾಜಾ ಹರಿದು ಬಾಯಿ ಬಿಟ್ಟಿತ್ತು. “ಈ ಚಳೀಲಿ ಹೀಗೆ ನಿಂತ್ರೆ ಎದೆ ಕಟ್ಟುತ್ತೆ ಕಣಪ್ಪ” ಎನ್ನುತ್ತ ಸೆರಗಿನ ಪಿನ್ನಿನ ಪಕ್ಕ ಸಿಕ್ಕಿಸಿದ್ದ ಸೂಜಿ ತೆಗೆದು, ಅವನು ತೊಟ್ಟಿದ್ದಂತೆಯೇ ಹೊಲಿಯಲು ಶುರು ಮಾಡಿದಳು. ಗಂಟಲ ಹತ್ತಿರ ಸೂಜಿ ಓಡಾಡುತ್ತಿರುವಾಗ ಯಾವ ಗಂಡಸು ತಾನೇ ಅಲುಗಾಡುತ್ತಾನೆ? ಬಸುರಿ ಹೆಂಗಸು ಬೆಲೆ ಕೇಳಿದಳು. ಅವನು ಉಗುಳು ಸಹ ನುಂಗಲಾರದೆ ಕಣ್ಣು ಪಿಳಿಪಿಳಿ ಬಿಟ್ಟ. ಕಾದೂ ಕಾದೂ ಆಕೆ ಮುಂದಿನ ಅಂಗಡಿಗೆ ಹೋದಳು. ದಾರ ಕಡಿಯುವ ಮೊದಲು ಅಕ್ಕ ತನ್ನ ಬೆಲೆ ಹೇಳಿದಳು. ಅವನು ಆಗಲಿ ಎಂದು ತಲೆಯಾಡಿಸಿದ.

ನನಗೆ ನಗು ಬಂತು, ಅಕ್ಕನಿಗೆ ಬರಲಿಲ್ಲ. “ಪಾಪ, ಅವಳಿಗೂ ಬೇಕಿತ್ತೇನೋ” ಎಂದು ಆ ಹೆಂಗಸು ಹೋದ ದಿಕ್ಕನ್ನೇ ನೋಡಿದಳು.

ಮಂಚದ ಒಂದು ಕಾಲು ಗಿಡ್ಡ. ಜೊತೆಗೆ ತಂದ ಮೇಜಿನ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಮರೆತಿಟ್ಟು ಸುಟ್ಟ ಕರೀ ಮುದ್ರೆ. ಸಣ್ಣ ಬೀರುವಿನ ಬೆನ್ನಿಗೆ ಇಲಿ ಕೊರೆದ ತೂತು. ಕನ್ನಡಿಯ ಅಂಚೆಲ್ಲ ತೊನ್ನು ಹಿಡಿದಂತೆ. ಎರಡು ಸಂಜೆ ಅಕ್ಕ ಇವನ್ನೆಲ್ಲ ಉಜ್ಜಿ, ಎಲ್ಲಕ್ಕೂ ಒಂದೇ ತಿಳಿಹಸಿರು ಬಣ್ಣ ಬಳಿದಳು. ಅಂಗಡಿಯ ಕತ್ತರಿಚೂರುಗಳನ್ನು ಜೋಡಿಸಿ ಪರದೆ, ಮೇಜಿನ ಹೊದಿಕೆ, ಹಾಸುಬಟ್ಟೆ ಹೊಲಿದಳು. ಸುಟ್ಟ ಗುರುತು ಹೊದಿಕೆಯ ಕೆಳಗೆ ಹೋಯಿತು, ಇಲಿಯ ತೂತು ಗೋಡೆಗೆ ತಿರುಗಿತು, ಕನ್ನಡಿಗೆ ಸುತ್ತಲೂ ಲೇಸು ಬಂತು, ಮಂಚದ ಗಿಡ್ಡ ಕಾಲಿನ ಕೆಳಗಿಟ್ಟ ಮರದ ತುಂಡಿಗೂ ಬಣ್ಣ. ಬುಧವಾರ ಬೆಳಗ್ಗೆ ನಾನು ಹೋಗಿ ನೋಡಿ ದಂಗಾದೆ. ಮಂಚದ ಅಂಚಿಗೆ ಕೂರಲು ಹೋದವಳನ್ನು ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು.

“ಸುಕ್ಕು ಬೀಳುತ್ತೆ ಕಣೇ.”

ಅಧಿಕಾರಿ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದರು. ಮಧ್ಯವಯಸ್ಸಿನ ಹೆಂಗಸು, ಹೆಚ್ಚು ಮಾತಿಲ್ಲ, ಕೈಯಲ್ಲಿ ಫೈಲು. ಪಕ್ಕದಲ್ಲಿ ಹುಡುಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅಧಿಕಾರಿ ಕೋಣೆಯೊಳಗೆ ಹೋದರು. ಹುಡುಗಿ ಹೊಸ್ತಿಲಲ್ಲೇ ನಿಂತಳು. ನಾನು ಒಲೆಯ ಹತ್ತಿರ ನಿಂತೆ.

“ಇದನ್ನೆಲ್ಲ ಯಾವಾಗ ತಗೊಂಡ್ರಿ?”

“ಮೊದಲಿಂದ್ಲೂ ಇದೆ ಮೇಡಂ” ಅಂದಳು ಅಕ್ಕ.

ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ಮೂಗಿದ್ದವರಿಗೆಲ್ಲ ಹಸಿ ಬಣ್ಣದ ವಾಸನೆ ಹೊಡೆಯುತ್ತಿತ್ತು. ಆ ಹೆಂಗಸು ಮಂಚದ ಕಂಬಿಯ ಮೇಲೆ ಬೆರಳಾಡಿಸಿ ನೋಡಿಕೊಂಡರು.

“ಹೋದ ತಿಂಗಳು ಇಂಥದ್ದೇ ಒಂದು ಮನೆ ನೋಡಿದ್ದೆ. ಎಲ್ಲ ಹೊಚ್ಚ ಹೊಸದು. ಮಾರನೇ ದಿನ ಹೇಳದೆ ಹೋದ್ರೆ ಮಂಚಾನೂ ಇಲ್ಲ, ಮೇಜೂ ಇಲ್ಲ. ಒಂದು ದಿನದ ಬಾಡಿಗೆಗೆ ತಂದಿದ್ರು.” ಆಮೇಲೆ ಹುಡುಗಿಯ ಕಡೆ ತಿರುಗಿ, “ಒಳಗೆ ಬಾಮ್ಮ, ಕೂತ್ಕೊ” ಅಂದರು.

ಹುಡುಗಿ ಬೇಡವೆಂದು ತಲೆಯಾಡಿಸಿದಳು. “ಹಾಳಾಗುತ್ತೆ.”

ಅಧಿಕಾರಿ ಫೈಲು ತೆರೆದು ಬರೆಯತೊಡಗಿದರು. ನಾನು ನಿಂತಲ್ಲಿಗೆ ಅಕ್ಷರ ಕಾಣಿಸುತ್ತಿರಲಿಲ್ಲ, ಪೆನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಗಾದೆಯನ್ನೇ ಬರೆಯುತ್ತಿದ್ದಾರೆ ಅನ್ನಿಸಿತು. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿ ಬಿಡೇ ಪುಣ್ಯಾತ್ಗಿತ್ತಿ, ನಿಜ ಹೇಳೇ ಎಂದು ಒಳಗೊಳಗೇ ಕೂಗಿಕೊಂಡೆ. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಅಕ್ಕ ಮೇಜಿನ ಹತ್ತಿರ ಹೋಗಿ ಹೊದಿಕೆಯನ್ನು ಒಂದೇ ಸಲಕ್ಕೆ ಎಳೆದಳು.

“ಸುಳ್ಳು ಹೇಳ್ದೆ ಮೇಡಂ. ಭಾನುವಾರ ಗುಜರೀಲಿ ತಂದಿದ್ದು. ನೋಡಿ, ಇಸ್ತ್ರಿ ಸುಟ್ಟಿರೋದು.” ಕನ್ನಡಿಯ ಲೇಸು ಕಿತ್ತಳು. ಮಂಚ ಎತ್ತಿ ಮರದ ತುಂಡನ್ನು ಕಾಲಿಂದ ಒದ್ದು ಸರಿಸಿದಳು. ಮಂಚ ಒಂದು ಕಡೆಗೆ ವಾಲಿತು. ಬೀರುವನ್ನು ಒಬ್ಬಳೇ ತಬ್ಬಿ ತಿರುಗಿಸಿದಳು, ಅಂಗೈಯಗಲದ ತೂತು ಎಲ್ಲರ ಎದುರಿಗೆ ಬಂತು. ಏದುಸಿರು ಬಿಡುತ್ತ ಕೇಳಿದಳು, “ಇಂಥದ್ದನ್ನ ಯಾರು ಬಾಡಿಗೆಗೆ ಕೊಡ್ತಾರೆ ಹೇಳಿ?”

ಅಷ್ಟು ವರ್ಷದಲ್ಲಿ ಅವಳ ಒಳಹೊಲಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. ನನಗೆ ಅವಳ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

ಹುಡುಗಿ ಮೆಲ್ಲಗೆ ಹೊಸ್ತಿಲು ದಾಟಿ ಬಂದು ಮೇಜಿನ ಸುಟ್ಟ ಗುರುತನ್ನು ಮುಟ್ಟಿ ನೋಡಿದಳು.

“ದೊಡ್ಡಮ್ಮ, ಇದು ಮೊದಲೇ ಹಾಳಾಗಿತ್ತಾ?”

“ಎಲ್ಲಾನೂ ಮೊದಲೇ ಹಾಳಾಗಿದೆ ಪುಟ್ಟಿ. ನೀನು ಹೊಸದಾಗಿ ಹಾಳು ಮಾಡೋಕೆ ಏನೂ ಉಳಿದಿಲ್ಲ.”

ಹುಡುಗಿ ಮಂಚ ಹತ್ತಿ ಕೂತಳು. ಅದು ಕುಂಟಿತು. ಮತ್ತೊಮ್ಮೆ ಬೇಕೆಂದೇ ಕುಂಟಿಸಿದಳು. ಅಧಿಕಾರಿ ಬರೆದಿದ್ದ ಸಾಲನ್ನು ಹೊಡೆದುಹಾಕಿ ಕೆಳಗೆ ಬೇರೆ ಏನೋ ಬರೆದು, ಅಕ್ಕನಿಂದ ಸಹಿ ಹಾಕಿಸಿಕೊಂಡರು. “ಶನಿವಾರ ಬೆಳಗ್ಗೆ ಕಾಗದ ಆಗುತ್ತೆ, ಆವತ್ತೇ ಬಂದು ಕರ್ಕೊಂಡು ಹೋಗಿ. ಇವತ್ತು ವಾಪಸ್ ಬರಬೇಕು, ನಿಯಮ ಹಾಗಿದೆ” ಅಂದರು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಆದರೆ ಹುಡುಗಿ ಏಳಲಿಲ್ಲ. ಎರಡು ಸಲ ಕರೆದರೂ ಕಂಬಿ ಬಿಡಲಿಲ್ಲ.

“ಮೂರೇ ದಿನ ಕಂದ” ಅಂದೆ ನಾನು.

“ಎದ್ರೆ ಬೇರೆಯವ್ರು ಬಂದು ಕೂತ್ಕೋತಾರೆ” ಅಂದಳು. ಪಾಲನಾಗೃಹದಲ್ಲಿ ಎದ್ದವರ ಜಾಗ ಕೂತವರದ್ದಂತೆ.

ಅಧಿಕಾರಿ ಮುಖ ಆಚೆ ತಿರುಗಿಸಿದರು. ಅಕ್ಕ ಮಂಚದ ಮೇಲೆ ಹುಡುಗಿಯ ಪಕ್ಕ ಹೋಗಿ ಕೂತಳು. “ಸರಿ, ಈಗ ನಾನು ಕೂತಿದ್ದೀನಿ. ನೀನು ಬರೋವರೆಗೂ ಯಾರಿಗೂ ಬಿಡಲ್ಲ, ಆಯ್ತಾ?” ಹುಡುಗಿ ಅವಳ ಮುಖವನ್ನು ಅಳೆದೂ ಸುರಿದೂ ನೋಡಿ, ಆಮೇಲೆ ಇಳಿದಳು.

ಮಗುವನ್ನು ಸಮಾಧಾನ ಮಾಡಲು ಆಡಿದ ಮಾತು ಅಂದುಕೊಂಡಿದ್ದೆ. ಅಕ್ಕ ಅಂಗಡಿಯ ಕೆಲಸದ ಗಂಟನ್ನು ಮನೆಗೇ ತರಿಸಿಕೊಂಡು ಆ ಕುಂಟು ಮಂಚದ ಮೇಲೆ ಕೂತೇ ಕಾಜಾ ಹಾಕಿದಳು, ಕಾಲು ಮಡಚಿಕೊಂಡು ಅಲ್ಲೇ ಮಲಗಿದಳು. ಅವಳು ಸ್ನಾನಕ್ಕೋ ಅಡುಗೆಗೋ ಎದ್ದಾಗಲೆಲ್ಲ ನನ್ನನ್ನು ಕರೆದು ಕೂರಿಸುತ್ತಿದ್ದಳು. ಶನಿವಾರ ಮಗುವನ್ನು ಕರೆತರಲು ಹೋದಾಗಲೂ ಕೂತಿದ್ದವಳು ನಾನೇ. ನಿನಗೆ ತಲೆ ಕೆಟ್ಟಿದೆ ಎಂದು ಬೈದೆ. ಬೈಯುತ್ತಲೇ ಕೂತಿದ್ದೆ.

ಹುಡುಗಿ ಬಟ್ಟೆಯ ಚೀಲ ಅವುಚಿಕೊಂಡು ಬಾಗಿಲಲ್ಲಿ ಬಂದು ನಿಂತಳು. ದೊಡ್ಡಮ್ಮನನ್ನು ಬಿಟ್ಟು ನನ್ನನ್ನು ಕೇಳಿದಳು.

“ಅತ್ತೆ, ಯಾರೂ ಕೂತಿರ್ಲಿಲ್ಲ ತಾನೇ?”

“ನಮ್ಮಿಬ್ಬರನ್ನ ಬಿಟ್ಟು ಇನ್ಯಾರೂ ಇಲ್ಲಮ್ಮ” ಎನ್ನುತ್ತ ನಾನು ಎದ್ದೆ.

ಆಗ ಅವಳು ಚೀಲವನ್ನು ಕೆಳಗಿಟ್ಟಳು.